ಕಿರೀಟದ ಮನೆಯ ಮೊದಲ ಊಟ

ನಮ್ಮ ಮನೆಯ ಫ್ರಿಜ್ಜಿನ ಮೇಲೆ ಕೆಲವು ತಿಂಗಳು ಒಂದು ಕಿರೀಟ ಇತ್ತು ಎಂದರೆ ನನ್ನ ಮಕ್ಕಳು ನಗುತ್ತಾರೆ. ನಗಲಿ. ಅವರಿಗೆ ಆ ಕಿರೀಟವೂ ಗೊತ್ತಿಲ್ಲ, ಆ ಫ್ರಿಜ್ಜೂ ಗೊತ್ತಿಲ್ಲ. ಕುವೈತಿನ ಫಿಂಟಾಸಿನಲ್ಲಿ ಸಮುದ್ರಕ್ಕೆ ಮುಖ ಮಾಡಿದ ಒಂದು ಹಳೆಯ ಕಟ್ಟಡದ ಎರಡನೆಯ ಮಾಳಿಗೆಯಲ್ಲಿ ನಮ್ಮ ಮನೆ. ಒಂದು ಹಾಲ್, ಎರಡು ಕೋಣೆ, ಒಬ್ಬರು ಒಳಗೆ ಹೋಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕಾದಂಥ ಅಡುಗೆಮನೆ. ಅಲ್ಲಿ ಜಾಗ ಸಾಲದೆ ಫ್ರಿಜ್ಜು ಹಾಲಿನಲ್ಲೇ ಇತ್ತು, ಬಾಗಿಲು ತೆರೆದವರ ಕಣ್ಣಿಗೆ ಮೊದಲು ಬೀಳುವ ಹಾಗೆ. ನನ್ನ ಕೋಣೆಯಲ್ಲಿ ಅರ್ಧ ನಾನು, ಅರ್ಧ ಅಮ್ಮನ ಹೊಲಿಗೆ ಯಂತ್ರ. ಅಪ್ಪ ಒಂದು ಟ್ರೇಡಿಂಗ್ ಕಂಪನಿಯ ಆಫೀಸಿನಲ್ಲಿ ಕ್ಲಾರ್ಕ್. ಮನೆಯಲ್ಲೂ ಆಫೀಸಿನ ಹಾಗೆಯೇ ಎಲ್ಲದಕ್ಕೂ ಒಂದು ವಿಧಿ, ಒಂದು ವಿಧಾನ. ಅಮ್ಮ ವಾರಿಜ, ಗಿಡ್ಡ ಆಳು, ಮಾತು ಅದಕ್ಕಿಂತಲೂ ಗಿಡ್ಡ. ಕಾಲಿಂಗ್ ಬೆಲ್ ಆದರೆ ಅಪ್ಪನ ಮುಖ ನೋಡುತ್ತಿದ್ದಳು. ಕೆಳಗಿನ ಬಕಾಲಾ ಅಂಗಡಿಯಲ್ಲಿ ಬೇಕಾದ ಸಾಮಾನಿಗೆ ಬೆರಳು ತೋರಿಸಿ ತರುತ್ತಿದ್ದಳೇ ಹೊರತು ವರ್ಷಗಟ್ಟಲೆ ಇದ್ದರೂ ಅರಬ್ಬಿಯ ಒಂದು ಪದವನ್ನೂ ಗಟ್ಟಿಯಾಗಿ ಆಡಿದ್ದನ್ನು ನಾನು ಕೇಳಿರಲಿಲ್ಲ. ಮನೆಯಲ್ಲಿ ತುಳು, ನೆರೆಯವರೊಡನೆ ಕನ್ನಡ, ನಾನು ಮಾತ್ರ ಯಾರು ಯಾವುದರಲ್ಲಿ ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರಿಸುವ ಜಂಬದ ಹುಡುಗಿ. ಆ ಅಮ್ಮ ರಾಣಿಯಾದಳು. ಈ ಅಧ್ಯಾಯ ಅದರದ್ದು.

ನಮ್ಮ ಊರಿನ ಹೆಸರು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಊರಿನವರು ‘ಅದು ಹಾಗಲ್ಲ, ಹೀಗೆ’ ಎಂದು ತಿದ್ದಲಿಕ್ಕೆ ಬರುತ್ತಾರೆ. ಉಡುಪಿಗೂ ಮಂಗಳೂರಿಗೂ ನಡುವೆ, ಹೊಳೆ ಸಮುದ್ರ ಸೇರುವಲ್ಲಿ ಇರುವ ಒಂದು ಹಿಡಿ ಊರು. ಅದರ ಗಂಡಸರು ಅರ್ಧಕ್ಕರ್ಧ ಕುವೈತಿನಲ್ಲಿದ್ದರು. ಹಾಗಾಗಿ ಊರ ಹಬ್ಬವೂ ಕುವೈತಿಗೆ ಬಂತು. ವರ್ಷಕ್ಕೊಮ್ಮೆ, ಚಳಿ ಮುಗಿದು ಸೆಕೆ ಶುರುವಾಗುವ ಮೊದಲು ಒಂದು ಶುಕ್ರವಾರ, ಸಬ್ಹಾನಿನ ಒಂದು ಖಾಲಿ ಗೋದಾಮಿನಲ್ಲಿ ಎಲ್ಲರೂ ಸೇರುತ್ತಿದ್ದರು. ಹಿಂದೆ ಇಲ್ಲಿ ಬರೇ ಬ್ಯಾಚುಲರ್ ಗಂಡಸರೇ ಇದ್ದ ಕಾಲದಲ್ಲಿ ಊರಿನ ಒಬ್ಬಳೇ ಒಬ್ಬಳು ಹೆಂಗಸು ಇವರಿಗೆಲ್ಲ ಶುಕ್ರವಾರ ಗಂಜಿ ಬೇಯಿಸಿ ಹಾಕುತ್ತಿದ್ದಳಂತೆ. ಆ ಅಜ್ಜಿಯನ್ನು ನಾನು ನೋಡಿಲ್ಲ. ತಮಾಷೆಗೆಂದು ಹುಡುಗರು ಅವಳಿಗೊಂದು ಕಿರೀಟ ಮಾಡಿ ತೊಡಿಸಿದರು. ಮಾಡಿದವರು ವಿಶ್ವಣ್ಣ, ಸಬ್ಹಾನಿನಲ್ಲಿ ಏಸಿ ಡಕ್ಟ್ ಮಾಡುವ ಫ್ಯಾಕ್ಟರಿಯಲ್ಲಿ ತಗಡು ಕತ್ತರಿಸುವವರು. ಡಕ್ಟಿನ ತಗಡನ್ನೇ ಕತ್ತರಿಸಿ, ಹಲ್ಲು ಹಲ್ಲು ಮಾಡಿ, ಬಂಗಾರದ ಬಣ್ಣದ ಪೇಂಟು ಬಳಿದು, ಒಳಗೆ ಕೆಂಪು ವೆಲ್ವೆಟ್ ಅಂಟಿಸಿದ್ದರು. ತಮಾಷೆ ಹೋಗಿ ಅದು ಪದ್ಧತಿಯೇ ಆಯಿತು. ಪ್ರತಿ ವರ್ಷ ಒಬ್ಬಳು ಹಬ್ಬದ ರಾಣಿ. ಚಂದದ ಸ್ಪರ್ಧೆ ಅಲ್ಲ, ಓಟು ಇಲ್ಲ, ಚೀಟಿ ಎತ್ತುವುದೂ ಇಲ್ಲ. ಹೋದ ವರ್ಷದ ರಾಣಿ ಕಿರೀಟವನ್ನು ಗೆರಸೆಯಲ್ಲಿಟ್ಟು ಬಟ್ಟೆ ಮುಚ್ಚಿಕೊಂಡು, ಕೂತ ಹೆಂಗಸರ ನಡುವೆ ಸುತ್ತು ಬಂದು, ತನಗೆ ಸರಿ ಕಂಡವಳ ಎದುರು ನಿಲ್ಲಬೇಕು. ಯಾಕೆ ಇವಳು ಎಂದು ಯಾರೂ ಕೇಳುವ ಹಾಗಿಲ್ಲ. ಆಮೇಲೆ ಒಂದು ವರ್ಷ ಕಿರೀಟ ಅವಳ ಮನೆಯಲ್ಲಿ. ಆ ವರ್ಷ ಕುವೈತಿಗೆ ಹೊಸತಾಗಿ ಬಂದವರ ಮೊದಲ ಊಟವೂ ಅವಳ ಮನೆಯಲ್ಲೇ.

ಆ ವರ್ಷದ ಹಬ್ಬ ಈಗಲೂ ನನ್ನ ಕಣ್ಣಲ್ಲಿ ಕಟ್ಟಿದ ಹಾಗಿದೆ. ಗೋದಾಮಿನ ಶಟರ್ ಎತ್ತಿದ ಕೂಡಲೇ ಒಳಗಿನಿಂದ ಗೋಳಿಬಜೆಯ ಎಣ್ಣೆಯ ಪರಿಮಳ. ಒಂದು ಕಡೆ ಚರುಮುರಿ, ಇನ್ನೊಂದು ಕಡೆ ತೆಂಗಿನಕಾಯಿ ಕುಟ್ಟುವ ಪಂಥ, ನಡುವೆ ಹಗ್ಗಜಗ್ಗಾಟ. ಹುಲಿವೇಷದವನಿಗೆ ಮೈಗೆಲ್ಲ ಫ್ಯಾಕ್ಟರಿಯ ಹಳದಿ ಪೇಂಟು. ತಾಸೆ ಇಲ್ಲದ್ದಕ್ಕೆ ಖಾಲಿ ಪೇಂಟಿನ ಡಬ್ಬಗಳನ್ನೇ ಸಾಲಾಗಿಟ್ಟು ಬಾರಿಸುತ್ತಿದ್ದರು. ಆ ಸದ್ದು ತಗಡಿನ ಮಾಡಿಗೆ ಹೊಡೆದು ವಾಪಸು ಬರುವಾಗ ನನ್ನ ಎದೆಯೊಳಗೇ ಯಾರೋ ಬಾರಿಸಿದ ಹಾಗೆ ಆಗುತ್ತಿತ್ತು. ಹೆಂಗಸರ ಹಗ್ಗದ ತಂಡಕ್ಕೆ ಐರಿನ್ ಬಾಯಿ ನಾಯಕಿ. ಅವರು ನಮ್ಮ ಎದುರು ಬಾಗಿಲಿನವರು, ಆಸ್ಪತ್ರೆಯಲ್ಲಿ ನರ್ಸು, ಗಂಡ ತೀರಿಕೊಂಡವರು, ಒಬ್ಬರೇ. ಎತ್ತರದ ಆಳು, ದೊಡ್ಡ ಸ್ವರ. ಅವರು ‘ಎಳೀರಿ ಮಾರಾಯ್ತಿ’ ಅಂದರೆ ಎದುರಿನ ತಂಡವೂ ಒಮ್ಮೆ ಎಳೆಯುತ್ತಿತ್ತು. ಈ ಸಲ ರಾಣಿ ಬಾಯಿಯೇ ಎಂದು ಎಲ್ಲರಿಗೂ ಖಾತ್ರಿ. ಬಾಯಿಗೂ ಖಾತ್ರಿ ಇತ್ತು. ಇಲ್ಲದಿದ್ದರೆ ಹಗ್ಗ ಎಳೆಯುವ ದಿನ ಯಾರಾದರೂ ಹೊಸ ನೀಲಿ ರೇಷ್ಮೆ ಸೀರೆ ತಂದು ಆಟ ಮುಗಿದ ಮೇಲೆ ಬದಲಾಯಿಸಿಕೊಳ್ಳುತ್ತಾರೆಯೇ? ನನಗೂ ಅವರೇ ಆಗಬೇಕಿತ್ತು. ರಾಣಿ ಎಂದರೆ ನನ್ನ ಮನಸ್ಸಿನಲ್ಲಿ ಆ ಎತ್ತರ, ಆ ಸ್ವರ.

ಹಿಂದಿನ ವರ್ಷದ ರಾಣಿ ಸುಮತಿಯಕ್ಕ. ಸಲ್ವಾದಲ್ಲಿ ಒಂದು ಕುವೈತಿ ಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು. ಅವಳಿಗೆ ತನ್ನದು ಎನ್ನುವ ಮನೆ ಇರಲಿಲ್ಲ. ಹೊಸಬರನ್ನು ಆ ದೊಡ್ಡ ಮನೆಯ ಹಿಂದಿನ ಮೆಟ್ಟಿಲಿನಲ್ಲಿ ಕೂರಿಸಿ, ಯಜಮಾನಿಯ ಅನುಮತಿ ಕೇಳಿ ಊಟ ಹಾಕಿದವಳು. ಅವಳು ಗೆರಸೆ ಹಿಡಿದು ಹೊರಟಳು. ಡಬ್ಬ ಬಾರಿಸುವುದು ನಿಂತಿತು. ಬಾಯಿಯ ಹತ್ತಿರ ಬಂದಳು, ದಾಟಿದಳು. ಅವಳು ಸೀದಾ ಹಿಂದೆ ಹೋಗಿ, ಗಂಜಿಯ ಹಂಡೆಯ ಪಕ್ಕ ಸೌಟು ಹಿಡಿದು ಕೂತ ಅಮ್ಮನ ಎದುರು ನಿಂತಳು. ಅಮ್ಮ ಹಿಂತಿರುಗಿ ನೋಡಿದಳು, ತನ್ನ ಹಿಂದೆ ಯಾರಾದರೂ ಇದ್ದಾರಾ ಎಂದು. ಹಿಂದೆ ಗೋಡೆ ಇತ್ತು.

"ನಾನಲ್ಲ ಸುಮತಿಯಕ್ಕ, ನನಗೆ ಗೊತ್ತಾಗುದಿಲ್ಲ," ಎಂದಳು ಅಮ್ಮ.

"ಗೊತ್ತಾಗ್ಲಿಕ್ಕೆ ಎಂತ ಉಂಟು? ಈ ದೇಶಕ್ಕೆ ಹೊಸತಾಗಿ ಬಂದವ ಬಾಗಿಲಿಗೆ ಬಂದ್ರೆ ಮೊದಲ ಊಟ ನಿನ್ನದು. ಯಾರು, ಎಂತ ಜಾತಿ, ಎಲ್ಲಿಂದ ಅಂತ ಕೇಳ್ಲಿಕ್ಕಿಲ್ಲ. ಅವನ ಬಟ್ಟಲು ಅವನು ತೊಳೀಲಿಕ್ಕಿಲ್ಲ. ಅಷ್ಟೇ. ಸೌಟು ಕೆಳಗಿಡು."

ಕಿರೀಟ ಅಮ್ಮನ ತಲೆಗೆ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಅವಳು ಎರಡೂ ಕೈಯಿಂದ ಅದನ್ನು ಎತ್ತಿ ಹಿಡಿದುಕೊಂಡು ನಕ್ಕಳು. ಅವಳು ಅಷ್ಟು ಜನರ ಎದುರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಐರಿನ್ ಬಾಯಿ. ಆದರೆ ಆಮೇಲೆ ಒಂದು ವಾರ ಅವರು ನಮ್ಮ ಮನೆಗೆ ಬರಲಿಲ್ಲ. ಕೇಳಿದರೆ ನೈಟ್ ಡ್ಯೂಟಿ ಎಂದರು. ಅಮ್ಮನಿಗೆ ಗೊತ್ತಿತ್ತು. ಅವಳು ಒಂದು ಬಟ್ಟಲು ಪತ್ರೊಡೆ ಮಾಡಿ ನನ್ನ ಕೈಯಲ್ಲಿ ಕಳಿಸಿದಳು, ಬಾಯಿ ಆ ಬಟ್ಟಲಿಗೆ ಇಡ್ಲಿಯಂಥ ತಮ್ಮ ಸಾನ್ನ ತುಂಬಿಸಿ ವಾಪಸು ಕಳಿಸಿದರು, ವಿಷಯ ಮುಗಿಯಿತು.

ಕಿರೀಟ ಬಂದ ಮೇಲೆ ಮನೆಯ ನಡೆ ಬದಲಾಯಿತು. ಮೊದಲ ಊಟಕ್ಕೆ ಬಾಸ್ಮತಿ ಆಗದು, ಊರಿನ ಕೆಂಪು ಕುಚ್ಚಲಕ್ಕಿಯೇ ಬೇಕು. ಜೊತೆಗೆ ಮಿಡಿ ಮಾವಿನ ಉಪ್ಪಿನಕಾಯಿ. ಬಂದವನಿಗೆ ನಾಲಿಗೆಯಲ್ಲಾದರೂ ಊರು ಬಿಟ್ಟ ಹಾಗೆ ಆಗಬಾರದು ಎಂದು ಲೆಕ್ಕ. ಹಾಗಾಗಿ ಊರಿಗೆ ಹೋಗಿ ಬರುವವರೆಲ್ಲ ಸೂಟ್‌ಕೇಸಿನಲ್ಲಿ ಅಕ್ಕಿ ತಂದು ಅಮ್ಮನಿಗೆ ಕೊಡುತ್ತಿದ್ದರು. ಅದಕ್ಕೆಂದೇ ಅಡುಗೆಮನೆಯ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಡ್ರಮ್ಮು. ನಮ್ಮ ದಿನದ ಅನ್ನಕ್ಕೆ ಅದರಿಂದ ಒಂದು ಕಾಳೂ ತೆಗೆಯುವ ಹಾಗಿರಲಿಲ್ಲ. ಅಪ್ಪನಿಗೆ ಇದು ಸರಿ ಬರುತ್ತಿರಲಿಲ್ಲ.

"ಮನೆಯಲ್ಲಿ ಕುಚ್ಚಲಕ್ಕಿ ಇಟ್ಕೊಂಡು ನಾನು ಈ ಉದ್ದುದ್ದದ ಅಕ್ಕಿ ತಿನ್ನುದು ಯಾಕೆ?" ಎನ್ನುತ್ತಿದ್ದರು.

"ಅದು ನಮ್ಮದಲ್ಲ," ಎನ್ನುತ್ತಿದ್ದಳು ಅಮ್ಮ.

ಅಷ್ಟೇ. ಮೊದಲಾದರೆ ಆ ‘ಅಲ್ಲ’ ಕೂಡ ಬರುತ್ತಿರಲಿಲ್ಲ. ಬರುವವರು ಒಬ್ಬೊಬ್ಬರೂ ಒಂದೊಂದು ತರ. ಒಬ್ಬ ಅನ್ನ ನೋಡಿದ ಕೂಡಲೇ ಅತ್ತ. ಒಬ್ಬ ಏರ್‌ಪೋರ್ಟಿನಿಂದ ಬಂದವನು ಊಟದ ಮೊದಲೇ ನಿದ್ದೆ ಹೋದ. ಅಮ್ಮ ಅವರ ಎದುರು ನೆಲದಲ್ಲಿ ಕೂತು, ಬಡಿಸುವುದು ಬಿಟ್ಟರೆ ಏನೂ ಮಾತಾಡದೆ, ಬಟ್ಟಲು ಖಾಲಿಯಾಗುವ ತನಕ ಕಾಯುತ್ತಿದ್ದಳು. ಊಟವಾದ ಮೇಲೆ ಬಟ್ಟಲಿಗಾಗಿ ಕೈ ಚಾಚುತ್ತಿದ್ದಳು. ಆ ಹೊತ್ತಿಗೆ ಅವಳ ಮುಖದಲ್ಲಿ ಏನೋ ಬರುತ್ತಿತ್ತು. ಅದಕ್ಕೆ ಹೆಸರಿಡಲು ಆಗ ನನಗೆ ಬರಲಿಲ್ಲ, ಈಗಲೂ ಸರಿಯಾಗಿ ಬರುವುದಿಲ್ಲ. ನಾನು ಬಾಗಿಲಿನ ಮರೆಯಲ್ಲಿ ನಿಂತು ಅದನ್ನೇ ನೋಡುತ್ತಿದ್ದೆ.

ಕೊನೆಗೆ ಬಂದವನು ಸುಧಾಕರ. ಹೋಟೆಲಿನ ಕೆಲಸಕ್ಕೆಂದು ಬಂದವನು, ಇಪ್ಪತ್ತರ ಹರೆಯ, ಹೊಸ ಶೂ ಕಚ್ಚಿ ಕುಂಟುತ್ತಿದ್ದ. ಆಗಸ್ಟ್ ಶುರುವಿನ ಒಂದು ಸಂಜೆ ನಮ್ಮಲ್ಲಿ ಮೊದಲ ಊಟ ಮಾಡಿದ, ಬೆಳಿಗ್ಗೆ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಬಂದು ಕರೆದುಕೊಂಡು ಹೋಗುತ್ತಾನೆಂದು ಹಾಲಿನಲ್ಲೇ ಮಲಗಿದ. ಬೆಳಿಗ್ಗೆ ಎದ್ದಾಗ ರೇಡಿಯೋದಲ್ಲಿ ದೇಶವೇ ಹೋಗಿತ್ತು. ಇರಾಕಿನ ಟ್ಯಾಂಕುಗಳು ಒಳಗೆ ಬಂದಿದ್ದವು. ಕಫೀಲ್ ಬರಲಿಲ್ಲ, ಮತ್ತೆಂದೂ ಬರಲಿಲ್ಲ. ಸುಧಾಕರ ಹಾಲಿನಲ್ಲೇ ಉಳಿದ.

"ಅಕ್ಕ, ಮೊದಲ ಊಟ ಆಯ್ತು. ಎರಡನೇ ಊಟ ಯಾರ ಮನೆಯಲ್ಲಿ ಅಂತ ಪದ್ಧತಿ?" ಎಂದು ಕೇಳಿದ. ಅಂಥ ದಿನದಲ್ಲೂ ಅಮ್ಮ ನಕ್ಕಳು.

ಆಮೇಲಿನ ದಿನಗಳಲ್ಲಿ ನಮ್ಮ ಮನೆ ಹಾಲ್ ಒಂದಕ್ಕೆ ಕುಗ್ಗಿತು. ಅಪ್ಪನ ಆಫೀಸು ಖಲಾಸ್. ಕಿಟಕಿಗೆ ಕಂಬಳಿ ಕಟ್ಟಿದರು, ಬಾಲ್ಕನಿ ನನಗೆ ನಿಷೇಧ. ಅಪ್ಪ ಟೇಪ್ ರೆಕಾರ್ಡರಿನ ರೇಡಿಯೋಗೆ ಕಿವಿ ಹಚ್ಚಿ ಕೂತವರು ಊಟಕ್ಕೆ ಮಾತ್ರ ಏಳುತ್ತಿದ್ದರು. ಸಬ್ಹಾನಿನ ಕೆಲಸಗಾರರ ಕ್ಯಾಂಪಿನಿಂದ ವಿಶ್ವಣ್ಣ ನಡೆದುಕೊಂಡೇ ಬಂದು ಸೇರಿಕೊಂಡರು. ಗೋದಾಮು ಲೂಟಿಯಾಗಿತ್ತು, ಹಬ್ಬದ ಹಂಡೆಗಳೂ ಹೋಗಿದ್ದವು. ಬಾಯಿ ಮಾತ್ರ ದಿನಾ ಯೂನಿಫಾರ್ಮ್ ಹಾಕಿಕೊಂಡು ಡ್ಯೂಟಿಗೆ ಹೋಗುತ್ತಿದ್ದರು. ಬಕಾಲಾದಲ್ಲಿ ಸಾಮಾನು ಮುಗಿಯಿತು, ಬಾಸ್ಮತಿ ಮುಗಿಯುತ್ತಾ ಬಂತು. ಡ್ರಮ್ಮಿನ ಕುಚ್ಚಲಕ್ಕಿಯ ಮೇಲೆ ಎಲ್ಲರ ಕಣ್ಣು ಬಿತ್ತು. ಅಪ್ಪ ಅಮ್ಮ ಗಟ್ಟಿಯಾಗಿ ಜಗಳ ಮಾಡಿದ್ದನ್ನು ನಾನು ಕೇಳಿದ್ದು ಆಗಲೇ.

"ಹೊಸಬರು ಯಾರು ಬರ್ತಾರೆ ಇನ್ನು? ಇದ್ದವರೇ ಓಡ್ತಿದ್ದಾರೆ. ತೆಗಿ ಅದನ್ನು," ಎಂದರು ಅಪ್ಪ.

"ಇದ್ದವರಿಗೆ ತೆಗೀತೇನೆ. ಮಗಳಿಗೆ, ಸುಧಾಕರನಿಗೆ, ವಿಶ್ವಣ್ಣನಿಗೆ, ನಿಮಗೆ. ಆದ್ರೆ ತಳದ್ದು ತೆಗಿಲಿಕ್ಕಿಲ್ಲ. ಕಿರೀಟ ಮನೆಯಲ್ಲಿ ಇರುವಷ್ಟು ದಿನ ಒಬ್ಬನಿಗಾದ್ರೂ ಹಾಕುವಷ್ಟು ಅಕ್ಕಿ ಇರ್ಬೇಕು."

"ಆ ತಗಡಿಗೋಸ್ಕರ ನಾವು ಉಪವಾಸ ಬೀಳುದಾ?"

"ಉಪವಾಸ ಬೀಳಿಸುದಿಲ್ಲ ನಿಮ್ಮನ್ನು," ಎಂದಳು ಅಮ್ಮ. ನಿಜ, ಬೀಳಿಸಲಿಲ್ಲ. ಖರ್ಜೂರ, ಒಣಮೀನು, ಗೋದಿ ಗಂಜಿ, ಏನೇನೋ ಮಾಡಿ ಎಲ್ಲರ ಹೊಟ್ಟೆ ತುಂಬಿಸಿದಳು. ತಳದ ಅಕ್ಕಿ ಮಾತ್ರ ಮುಟ್ಟಲಿಲ್ಲ.

ಸೈನಿಕರು ಬಂದದ್ದು ಒಂದು ಮಧ್ಯಾಹ್ನ, ನಾವು ಊಟಕ್ಕೆ ಕೂರುವ ಹೊತ್ತಿಗೆ. ಕಟ್ಟಡದಲ್ಲಿ ಮನೆ ಮನೆ ತಪಾಸಣೆ. ಕುವೈತಿಗಳನ್ನು, ಬಿಳಿಯರನ್ನು ಅಡಗಿಸಿಟ್ಟಿದ್ದಾರಾ ಎಂದು ನೋಡುವುದು ಹೆಸರಿಗೆ. ಕಣ್ಣಿಗೆ ಬಿದ್ದದ್ದನ್ನು ಎತ್ತಿಕೊಂಡು ಹೋಗುವುದೂ ಇತ್ತು. ಒಬ್ಬ ಮೆಟ್ಟಿಲಿನಲ್ಲೇ ನಿಂತ. ಒಳಗೆ ಬಂದವನು ಸುಧಾಕರನ ಪ್ರಾಯದವನು, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ಕೋವಿ ಮಾತ್ರ ಅವನಷ್ಟೇ ಉದ್ದ. ಕಪಾಟು ನೋಡಿದ, ಮಂಚದಡಿ ನೋಡಿದ, ಹಾಲಿಗೆ ಬಂದವನು ಫ್ರಿಜ್ಜಿನ ಎದುರು ನಿಂತುಬಿಟ್ಟ. ಯೋಚಿಸಿ ನೋಡಿ. ಅರಸನನ್ನು ಓಡಿಸಿ ಅರಮನೆ ದೋಚಿದ ಸೈನ್ಯ ಅದು. ಅವರ ಎದುರು ನಾವು, ಬೆಲೆಬಾಳುವುದನ್ನೆಲ್ಲ ಹುಡುಕಿ ಹುಡುಕಿ ಮುಚ್ಚಿಟ್ಟವರು, ಒಂದು ಬಂಗಾರದ ಬಣ್ಣದ ಕಿರೀಟವನ್ನು ಎಲ್ಲರಿಗೂ ಕಾಣುವ ಹಾಗೆ ಫ್ರಿಜ್ಜಿನ ಮೇಲೆ ಬಿಟ್ಟಿದ್ದೆವು. ಬಳೆ, ಸರ ಎಲ್ಲ ಹಿಟ್ಟಿನ ಡಬ್ಬದಲ್ಲಿ ಅಡಗಿಸಿದ್ದಳು ಅಮ್ಮ. ಕಿರೀಟವನ್ನು ಅಡಗಿಸಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ. ಅದು ಅಲ್ಲಿಯೇ ಇರಬೇಕಾದದ್ದು, ಅಷ್ಟೇ.

"ತಾಜ್," ಎಂದ ಅವನು. ಆ ಪದ ಎಲ್ಲರಿಗೂ ಅರ್ಥವಾಯಿತು. ಅಪ್ಪನ ಮುಖ ಸುಣ್ಣದ ಹಾಗಾಯಿತು.

"ಮಾಲ್ ಮಿನು?" ಎಂದು ಕೇಳಿದ. ಯಾರದ್ದು ಇದು.

"ತನಕ್, ತನಕ್," ಎಂದರು ಅಪ್ಪ. ತಗಡು, ತಗಡು. ಆಫೀಸಿನಲ್ಲಿ ಅರಬ್ಬಿಯಲ್ಲಿ ಜಗಳವೇ ಆಡುತ್ತಿದ್ದವರಿಗೆ ಅದರ ಮುಂದೆ ಒಂದು ಪದ ಹೊರಡಲಿಲ್ಲ. ವಿಶ್ವಣ್ಣ ಗೋಡೆಗೆ ಅಂಟಿಕೊಂಡಿದ್ದರು. ಅವನು ಮತ್ತೆ ಕೇಳಿದ, ಈ ಸಲ ಜೋರಾಗಿ. ಆಗ ಅಡುಗೆಮನೆಯ ಬಾಗಿಲಿನಿಂದ ಅಮ್ಮ ಮುಂದೆ ಬಂದಳು. ಎದೆಯ ಮೇಲೆ ಕೈಯಿಟ್ಟು, ಬಕಾಲಾದಲ್ಲೂ ಸ್ವರ ಎತ್ತದವಳು, ಸ್ಪಷ್ಟವಾಗಿ ಹೇಳಿದಳು:

"ಮಾಲ್ ಅನಾ."

ನನ್ನದು. ಇಷ್ಟು ವರ್ಷ ಕೇಳಿ ಕೇಳಿ ಅವಳೊಳಗೆ ಎಲ್ಲಿ ಕೂತಿತ್ತೋ ಆ ಭಾಷೆ. ಅವನು ಕಿರೀಟ ಎತ್ತಿದ, ಉಗುರಿನಿಂದ ಬಡಿದ. ಡಕ್ಟಿನ ತಗಡಿನ ಸದ್ದು ಬಂತು. ಮುಖ ಸಡಿಲವಾಯಿತು. ನೋಡನೋಡುತ್ತಿದ್ದ ಹಾಗೆ ಟೋಪಿ ತೆಗೆದು ಕಿರೀಟವನ್ನು ತನ್ನ ತಲೆಗಿಟ್ಟು ಟಿವಿಯ ಕಪ್ಪು ಗಾಜಿನಲ್ಲಿ ನೋಡಿಕೊಂಡ. ಅದು ಅವನಿಗೂ ಹುಬ್ಬಿನವರೆಗೆ ಇಳಿಯಿತು. ಆ ಕ್ಷಣ ಅವನು ಯಾರ ಮಗನ ಹಾಗೂ ಕಾಣಬಹುದಿತ್ತು. ಅಮ್ಮ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು, ಮತ್ತೆ ಕೇಳಿದಳು:

"ಕುವೈತ್ ಜದೀದ್?"

ಕುವೈತಿಗೆ ಹೊಸಬನಾ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹೌದು ಎಂದು ತಲೆಯಾಡಿಸಿದ. ಮೊದಲ ಸಲ ಎಂದ.

"ಕೂರ್ಲಿಕ್ಕೆ ಹೇಳಿ ಅವನಿಗೆ," ಎಂದಳು ಅಮ್ಮ ಅಪ್ಪನಿಗೆ.

"ನಿನಗೆ ಮರುಳಾ?"

"ಹೊಸಬ. ಕೇಳಿದೆ, ಹೌದಂದ. ಇನ್ನು ಕಳಿಸುವ ಹಾಗಿಲ್ಲ."

ತಳದ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇಯಿಸಲು ಇಟ್ಟಳು. ಕುಚ್ಚಲಕ್ಕಿ ಬೇಯುವುದೆಂದರೆ ಹೊತ್ತು ಹಿಡಿಯುವ ಕೆಲಸ. ಅಷ್ಟೂ ಹೊತ್ತು ಒಬ್ಬ ಇರಾಕಿ ಸೈನಿಕ ನಮ್ಮ ಹಾಲಿನಲ್ಲಿ, ಕೋವಿ ಪಕ್ಕಕ್ಕಿಟ್ಟು, ಸುಧಾಕರನ ಎದುರು ಚಕ್ಕಳಮಕ್ಕಳ ಹಾಕಿ ಕೂತಿದ್ದ. ಮೆಟ್ಟಿಲಿನವನು ಒಮ್ಮೆ ಇಣುಕಿ ಏನೋ ಬೈದು ಮೇಲಿನ ಮಾಳಿಗೆಗೆ ಹೋದ. ಅನ್ನ ಬಂತು, ಗಂಜಿನೀರು ಬಂತು, ಮಿಡಿ ಉಪ್ಪಿನಕಾಯಿ ಬಂತು. ಅವನು ಮಿಡಿ ಕಚ್ಚಿ ಮುಖ ಹಿಂಡಿದ, ಕಣ್ಣಲ್ಲಿ ನೀರು ಬಂತು, ಮತ್ತೆ ಕಚ್ಚಿದ. ಅಮ್ಮ ಎಲ್ಲರಿಗೂ ಕೂರುವ ಹಾಗೆಯೇ ಅವನ ಎದುರು ಕೂತಿದ್ದಳು. ಗಂಜಿನೀರು ಮತ್ತೆ ಬಡಿಸಿದಳು. ಉಂಡು ಅವನು ಬಟ್ಟಲು ಎತ್ತಿಕೊಂಡು ಅಡುಗೆಮನೆಯ ಕಡೆ ಹೊರಟ. ಅಮ್ಮ ಎದ್ದು ಅವನ ಕೈಯಿಂದ ಬಟ್ಟಲು ತೆಗೆದುಕೊಂಡಳು. ಅವನು ತಲೆಯ ಮೇಲಿದ್ದ ಕಿರೀಟವನ್ನು ಫ್ರಿಜ್ಜಿನ ಮೇಲಿಟ್ಟು, ಅದರ ಅಡಿಯ ಬಟ್ಟೆ ಸರಿ ಮಾಡಿದ. ಹೋಗುವಾಗ ಅಪ್ಪನ ಟೇಪ್ ರೆಕಾರ್ಡರ್ ಮಾತ್ರ ಬಿಡಲಿಲ್ಲ, ಕಂಕುಳಲ್ಲಿ ಇಟ್ಟುಕೊಂಡೇ ಹೋದ. ‘ಅನ್ನವೂ ಹೋಯ್ತು, ಟೇಪೂ ಹೋಯ್ತು’ ಎಂದು ಅಪ್ಪ ಸಾಯುವ ತನಕ ಹೇಳುತ್ತಿದ್ದರು. ಸುಧಾಕರ, ‘ನಾವಿಬ್ಬರೂ ಒಂದೇ ವಾರ ಬಂದವರು’ ಎಂದ. ಯಾರೂ ನಗಲಿಲ್ಲ. ನಾನು ಅಮ್ಮನನ್ನೇ ನೋಡುತ್ತಿದ್ದೆ. ಈ ಹೆಂಗಸು ಯಾರು, ಇಷ್ಟು ದಿನ ಎಲ್ಲಿದ್ದಳು ಎಂದು ಬೆರಗಾಗಿ ನೋಡುತ್ತಿದ್ದೆ. ರಾಣಿ ಎಂದರೆ ಎತ್ತರ ಬೇಕು, ಸ್ವರ ಬೇಕು ಎಂದುಕೊಂಡಿದ್ದ ನನ್ನ ತಲೆಯೊಳಗೆ ಎಲ್ಲ ಅಡಿಮೇಲಾಗಿತ್ತು.

ಸಂಜೆ ಬಾಯಿ ಡ್ಯೂಟಿ ಮುಗಿಸಿ ಬಂದರು. ಕಟ್ಟಡದಲ್ಲಿ ಸುದ್ದಿ ಆಗಲೇ ಹಬ್ಬಿತ್ತು. ಅವರು ಚಪ್ಪಲಿ ಕೂಡ ತೆಗೆಯದೆ ನಮ್ಮ ಹಾಲಿಗೆ ಬಂದರು.

"ಹೌದಾ ವಾರಿಜ? ಅವರಲ್ಲಿ ಒಬ್ಬನಿಗೆ ಕೂರಿಸಿ ಊಟ ಹಾಕಿದ್ದು ಹೌದಾ?"

"ಹೌದು ಬಾಯಿ."

"ಬೆಳಿಗ್ಗೆ ನಾನು ಯಾರ ಬಟ್ಟೆಯಿಂದ ರಕ್ತ ತೊಳೆದದ್ದು ಗೊತ್ತುಂಟಾ ನಿಮಗೆ? ಹದಿನಾಲ್ಕು ವರ್ಷದ ಹುಡುಗ. ರೊಟ್ಟಿ ತರ್ಲಿಕ್ಕೆ ಹೋದವ. ಇವರೇ ಹೊಡೆದದ್ದು."

ಅಮ್ಮ ತಲೆ ತಗ್ಗಿಸಲಿಲ್ಲ. ಬಾಯಿ ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಪತ್ರೊಡೆ ಕಳಿಸಿ ಸರಿಮಾಡುವ ಹಾಗೆ ಇರಲಿಲ್ಲ. ಪತ್ರೊಡೆಗೆ ಕೆಸುವಿನ ಎಲೆಯೂ ಇರಲಿಲ್ಲ. ಇಬ್ಬರಲ್ಲಿ ಯಾರು ಸರಿ ಎಂದು ನಾನು ಇಷ್ಟು ವಯಸ್ಸಾದ ಮೇಲೂ ತೀರ್ಮಾನ ಮಾಡಿಲ್ಲ. ಒಮ್ಮೆ ಅಮ್ಮನನ್ನೇ ಕೇಳಿದೆ, ಹೆದರಿಕೆಯಿಂದ ಹಾಕಿದ್ದಾ, ಪದ್ಧತಿ ಎಂದು ಹಾಕಿದ್ದಾ ಎಂದು. ‘ಹೆದರಿಕೆ ಇತ್ತು, ಅವನ ಹಸಿವೂ ಕಂಡಿತು,’ ಎಂದಳು.

ಸೆಪ್ಟೆಂಬರಿನಲ್ಲಿ, ವಿಶ್ವಣ್ಣ, ಸುಧಾಕರನೂ ಸೇರಿ, ಊರಿಗೆ ಮರಳುವ ನಮ್ಮ ಸರದಿ ಬಂತು. ಬಸ್ಸಿನಲ್ಲಿ ಬಸ್ರಾ, ಬಗ್ದಾದ್, ಮರುಭೂಮಿಯ ಡೇರೆಗಳ ಕ್ಯಾಂಪು ದಾಟಿ ಜೋರ್ಡಾನಿನ ಅಮ್ಮಾನ್‌ಗೆ ಹೋಗಬೇಕು, ಅಲ್ಲಿಂದ ವಿಮಾನ. ಒಬ್ಬೊಬ್ಬರಿಗೆ ಒಂದೊಂದು ಚೀಲ. ಕಿರೀಟ ಒಯ್ಯುವುದು ಬೇಡ ಎಂದು ಅಪ್ಪ. ದಾರಿಯಲ್ಲಿ ಎಷ್ಟು ಚೆಕ್‌ಪೋಸ್ಟೋ, ಎಲ್ಲರೂ ಊಟ ಮಾಡಿ ಸುಮ್ಮನಾಗುವವರಲ್ಲ. ಒಯ್ಯುವುದು ಬೇಡವೆಂದು ಅಮ್ಮನೂ ಅಂದಳು. ಆದರೆ ಖಾಲಿ ಮನೆಯಲ್ಲಿ ಅದನ್ನು ಬಿಟ್ಟು ಹೋಗುವುದೂ ಆಗದು. ಕುವೈತಿನ ಕಿರೀಟ ಕುವೈತಿನಲ್ಲಿ ಉಳಿಯುವವಳ ತಲೆಗೇ ಹೋಗಬೇಕು. ಹಾಗಾಗಿ ಹೊರಡುವ ಹಿಂದಿನ ದಿನ ಬೆಳಿಗ್ಗೆ, ಹಬ್ಬದ ತಿಂಗಳಲ್ಲದ ತಿಂಗಳಲ್ಲಿ, ನಮ್ಮ ಕಟ್ಟಡದ ಮೆಟ್ಟಿಲಿನಲ್ಲಿ ಊರ ಹಬ್ಬ ನಡೆಯಿತು. ವಿಶ್ವಣ್ಣ ಬಕೆಟ್ ಬೋರಲು ಹಾಕಿ ಮೆಲ್ಲಗೆ, ಹೊರಗೆ ಕೇಳದ ಹಾಗೆ ಬಾರಿಸಿದರು. ಸುಧಾಕರ ಬಣ್ಣವಿಲ್ಲದೆ, ಬನಿಯನ್ನಿನಲ್ಲೇ ಹುಲಿಹೆಜ್ಜೆ ಹಾಕಿದ, ಕುಂಟು ಹುಲಿ. ಕೊನೆಯ ಮೈದಾದಲ್ಲಿ ಅಮ್ಮ ಗೋಳಿಬಜೆ ಕರಿದಳು, ಒಬ್ಬೊಬ್ಬರಿಗೆ ಒಂದೊಂದು. ಕಟ್ಟಡದಲ್ಲಿ ಉಳಿದಿದ್ದ ನಮ್ಮ ಕಡೆಯ ನಾಲ್ಕಾರು ಹೆಂಗಸರು ಮೆಟ್ಟಿಲಿನ ಮೇಲೆ ಸಾಲಾಗಿ ಕೂತಿದ್ದರು. ಸಬ್ಹಾನಿನ ಗೋದಾಮಿನ ಹಬ್ಬಕ್ಕಿಂತ ಇದೇ ನನಗೆ ದೊಡ್ಡದಾಗಿ ಕಂಡಿತು. ಯಾಕೆಂದು ಕೇಳಬೇಡಿ, ಮೈ ಜುಮ್ಮೆಂದಿತ್ತು.

ಬಾಯಿ ಡ್ಯೂಟಿಯಿಂದ ಬಂದವರು ಕೆಳಗಿನ ಮೆಟ್ಟಿಲಿನಲ್ಲಿ, ಯೂನಿಫಾರ್ಮಿನಲ್ಲೇ ನಿಂತಿದ್ದರು. ಕೂರಲಿಲ್ಲ, ಹೋಗಲೂ ಇಲ್ಲ. ರೋಗಿಗಳನ್ನು ಬಿಟ್ಟು ಬರುವುದಿಲ್ಲ ಎಂದು ಅವರು ಆಗಲೇ ಎಲ್ಲರಿಗೂ ಹೇಳಿಯಾಗಿತ್ತು. ಅಮ್ಮ ಗೆರಸೆಗೆ ಬಟ್ಟೆ ಮುಚ್ಚಿಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಎಲ್ಲರನ್ನೂ ದಾಟಿ ಬಾಯಿಯ ಎದುರು ನಿಂತಳು.

"ನನಗೆ ಬೇಡ," ಎಂದರು ಬಾಯಿ. "ನಾನಾದ್ರೆ ಅವನಿಗೆ ಊಟ ಹಾಕ್ತಿರ್ಲಿಲ್ಲ. ಮುಂದೆಯೂ ಹಾಕುದಿಲ್ಲ. ಇದನ್ನು ಕೇಳಿಕೊಂಡೇ ಕೊಡಿ."

"ಗೊತ್ತುಂಟು. ಬಾಗಿಲು ನಿಮ್ಮದು, ಮನಸ್ಸೂ ನಿಮ್ಮದು. ತಲೆ ಬಗ್ಗಿಸಿ ಬಾಯಿ, ನನಗೆ ಎಟಕುದಿಲ್ಲ."

ಬಾಯಿ ಬಗ್ಗಿದರು. ಕಿರೀಟ ಅವರ ತಲೆಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ನೀಲಿ ರೇಷ್ಮೆ ಇರಲಿಲ್ಲ, ಚಪ್ಪಾಳೆ ತಟ್ಟುವ ಹಾಗೂ ಇರಲಿಲ್ಲ. ಬೆರಳ ತುದಿಯಿಂದ ತಟ್ಟಿದೆವು. ಬಾಯಿಯ ಕಣ್ಣು ತುಂಬಿತ್ತು, ಮುಖ ಮಾತ್ರ ಸಿಟ್ಟಿನದ್ದೇ. ಮರುದಿನ ಬೆಳಿಗ್ಗೆ ಅಮ್ಮ ಡ್ರಮ್ಮನ್ನು ಅವರ ಮನೆಗೆ ಉರುಳಿಸಿಕೊಂಡು ಹೋಗಿ, ತಳದಲ್ಲಿ ಉಳಿದ ಅಕ್ಕಿಯೊಳಗೆ ಕಿರೀಟವನ್ನು ಹೂತಿಟ್ಟು ಮುಚ್ಚಳ ಹಾಕಿ ಬಂದಳು. ಬಸ್ಸು ಹೊರಟಾಗ ಬಾಯಿ ಬಾಲ್ಕನಿಯಲ್ಲಿ ನಿಂತಿದ್ದರು. ಕೈ ಬೀಸಲಿಲ್ಲ.

ಊರಿನಲ್ಲಿ ಒಂದು ವರ್ಷ ನಾನು ಕನ್ನಡ ಶಾಲೆಗೆ ಹೋದೆ, ಬೈಸಿಕೊಂಡು ಕನ್ನಡ ಕಲಿತೆ. ಯುದ್ಧ ಆಯಿತು, ಮುಗಿಯಿತು. ಬಾಯಿಯದ್ದು ಒಂದು ಸುದ್ದಿಯೂ ಬರಲಿಲ್ಲ. ಅಮ್ಮ ಅಡುಗೆ ಮಾಡುವಾಗ ಕೆಲವು ಸಲ ಸೌಟು ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದಳು. ಯುದ್ಧ ನಿಂತ ಮೇಲೆ ಬಹಳ ತಡವಾಗಿ ಯಾರದೋ ಮೂಲಕ, ಐರಿನ್ ಬಾಯಿ ಬದುಕಿದ್ದಾರೆ, ಅದೇ ಮನೆಯಲ್ಲಿದ್ದಾರೆ ಎಂದು ತಿಳಿಯಿತು. ಅಪ್ಪನಿಗೆ ಕಂಪನಿಯಿಂದ ಕರೆ ಬಂದಾಗ, ಗಂಡಸರು ಮೊದಲು ಹೋಗಲಿ, ಹೆಂಡತಿ ಮಕ್ಕಳು ಆಮೇಲೆ ಎಂದು ಎಲ್ಲರೂ ಹೇಳಿದರು. ಅಮ್ಮ ಕೇಳಲಿಲ್ಲ. ಆಗ ಯಾರಿಗೂ ಆಶ್ಚರ್ಯವೂ ಆಗಲಿಲ್ಲ.

ನಾವು ಇಳಿದ ದಿನ ಗಾಳಿ ಬುರ್ಗಾನ್ ಕಡೆಯಿಂದ ಬೀಸುತ್ತಿತ್ತು. ಎಣ್ಣೆಬಾವಿಗಳ ಬೆಂಕಿ ಪೂರ್ತಿ ಆರಿರಲಿಲ್ಲ. ನಡುಮಧ್ಯಾಹ್ನ ಟ್ಯಾಕ್ಸಿಯವನು ಹೆಡ್‌ಲೈಟ್ ಹಾಕಿಕೊಂಡು ಓಡಿಸಿದ. ಸೂರ್ಯ ಒಂದು ಕೆಂಪು ನಾಣ್ಯದ ಹಾಗಿದ್ದ, ಕಣ್ಣು ಬಿಟ್ಟು ನೋಡಬಹುದಿತ್ತು; ನಾನು ಬೆರಗಾಗಿ ನೋಡಿದೆ. ನಮ್ಮ ಕಟ್ಟಡದ ಗೋಡೆಗೆ ಮಸಿ. ನಮ್ಮ ಮನೆಯ ಬಾಗಿಲು ಇರಲಿಲ್ಲ, ಒಳಗೆ ಫ್ರಿಜ್ಜೂ ಇರಲಿಲ್ಲ, ಹೊಲಿಗೆ ಯಂತ್ರವೂ ಇರಲಿಲ್ಲ. ಅಮ್ಮ ಒಳಗೆ ಹೋಗಲೇ ಇಲ್ಲ, ತಿರುಗಿ ಎದುರು ಬಾಗಿಲು ತಟ್ಟಿದಳು. ತೆರೆದವರನ್ನು ಒಂದು ಕ್ಷಣ ನನಗೆ ಗುರುತಾಗಲಿಲ್ಲ. ಕೂದಲು ಪೂರಾ ಬೆಳ್ಳಗಾಗಿತ್ತು, ಆ ದೊಡ್ಡ ಮೈ ಅರ್ಧ ಇಳಿದಿತ್ತು. ಸ್ವರ ಮಾತ್ರ ಅದೇ.

"ನೆಲದಲ್ಲಿ ಕೂತ್ಕೊಳ್ಳಿ ಎಲ್ಲ. ಅಕ್ಕಿ ಬೇಯ್ಲಿಕ್ಕೆ ಹೊತ್ತುಂಟು."

"ಬಾಯಿ, ನಾವು ಹೊಸಬರಲ್ವಲ್ಲ," ಎಂದರು ಅಪ್ಪ.

"ಹೊಸ ವೀಸಾ, ಇಲ್ಲಿ ಇರ್ಲಿಕ್ಕೆ ಹೊಸ ಇಕಾಮಾ. ಹೊಸಬರೇ. ಸುಮ್ಮನೆ ಕೂತ್ಕೊಳ್ಳಿ."

ಕಿರೀಟ ಅವರ ಫ್ರಿಜ್ಜಿನ ಮೇಲೆ ಇತ್ತು. ಬಂಗಾರದ ಬಣ್ಣ ಅಲ್ಲಲ್ಲಿ ಎದ್ದು ಹೋಗಿ ತಗಡು ಕಾಣುತ್ತಿತ್ತು. ಒಲೆಯ ಮೇಲಿನಿಂದ ಕುಚ್ಚಲಕ್ಕಿ ಬೇಯುವ ಪರಿಮಳ ಬಂತು. ಅಮ್ಮ ಮೂಗು ಎತ್ತಿ ಬಾಯಿಯನ್ನು ನೋಡಿದಳು.

"ನಿಮ್ಮದೇ ಅಕ್ಕಿ," ಎಂದರು ಬಾಯಿ. "ಹುಳ ಆಗಿತ್ತು. ಬಿಸಿಲಿಗೆ ಹಾಕಿ, ಕೇರಿ ಇಟ್ಟಿದ್ದೆ."

"ಇಷ್ಟು ದಿನ ಉಂಡಿಲ್ವಾ ನೀವು ಇದನ್ನು?"

"ಅದು ನಮ್ಮದಲ್ಲ ಅಂತ ನೀವೇ ಹೇಳ್ತಿದ್ರಿ." ಒಲೆಯ ಕಡೆ ತಿರುಗಿ ಮತ್ತೆ ಅಂದರು, "ಬಾಗಿಲು ತಟ್ಟಿದವರು ಇದ್ರು, ವಾರಿಜ. ಕೋವಿ ಹಿಡ್ಕೊಂಡು. ನಾನು ತೆರೀಲಿಲ್ಲ. ಹಾಗಾಗಿ ನನ್ನ ಕಾಲದಲ್ಲಿ ಹೊಸಬರು ಅಂದ್ರೆ ನೀವೇ ಮೊದಲು."

ದೀಪ ಹಾಕಿಕೊಂಡು ಮಧ್ಯಾಹ್ನದ ಊಟ ಮಾಡಿದೆವು. ಕೆಂಪು ಅನ್ನ, ಗಂಜಿನೀರು, ಎಲ್ಲಿಂದಲೋ ಹುಡುಕಿ ತಂದ ಒಂದು ಉಪ್ಪಿನಕಾಯಿ. ಬಾಯಿ ಎದುರು ಕೂತು ನಾವು ಉಣ್ಣುವುದನ್ನೇ ನೋಡುತ್ತಿದ್ದರು. ಆ ಮುಖದಲ್ಲಿ ಬಂದದ್ದು ನಾನು ಬಾಗಿಲಿನ ಮರೆಯಿಂದ ಅಮ್ಮನ ಮುಖದಲ್ಲಿ ಎಷ್ಟೋ ಸಲ ನೋಡಿದ್ದೇ. ಬಸ್ಸಿನಲ್ಲಿ ಅಳದ, ಮರುಭೂಮಿಯ ಡೇರೆಯಲ್ಲಿ ಅಳದ, ಬಾಗಿಲಿಲ್ಲದ ಮನೆಯ ಎದುರಿನಲ್ಲೂ ಅಳದ ನನ್ನ ಅಮ್ಮ ಆ ಬಟ್ಟಲಿನ ಮೇಲೆ ಬಗ್ಗಿ ಅತ್ತಳು. ಅಳುತ್ತಲೇ ಪೂರ್ತಿ ಉಂಡಳು. ಉಂಡವಳು ಕಣ್ಣು ಒರೆಸಿಕೊಂಡು, ಅಭ್ಯಾಸದಂತೆ ತನ್ನ ಬಟ್ಟಲು, ನನ್ನ ಬಟ್ಟಲು, ಅಪ್ಪನ ಬಟ್ಟಲು ಒಂದರ ಮೇಲೊಂದು ಇಟ್ಟು ಅಡುಗೆಮನೆಯ ಕಡೆ ಎದ್ದಳು. ಬಾಯಿ ಎದ್ದು ಅವಳ ಕೈಯಿಂದ ಅವನ್ನು ತೆಗೆದುಕೊಂಡರು.

"ಕೂತ್ಕೊಳ್ಳಿ ವಾರಿಜ," ಎಂದರು. "ಈಗ ರಾಣಿ ನಾನು."